ಸಂಸ್ಥೆಯ ತಂತ್ರಜ್ಞಾನದ ಹೊಣೆ ಯಾರಿಗೆ? ಐಟಿ ಮ್ಯಾನೇಜರ್ ನೇಮಿಸಬೇಕಾ, ಆ್ಯಪ್ ಮಾಡಿಸಬೇಕಾ?

ಕಾರ್ಯಕ್ರಮ_ಸಂಯೋಜಕಿ

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳಲ್ಲಿ ಮಕ್ಕಳ ಪೌಷ್ಟಿಕತೆ, ಮಹಿಳಾ ಸ್ವಸಹಾಯ ಸಂಘಗಳ ಮೇಲೆ ಕೆಲಸ ಮಾಡುವ ಟ್ರಸ್ಟ್ ನಮ್ಮದು. 60 ಜನ ಸಿಬ್ಬಂದಿ, ಅವರಲ್ಲಿ 42 ಜನ ಫೀಲ್ಡ್‌ನವರು. ಆಫೀಸಿನಲ್ಲಿ 18 ಲ್ಯಾಪ್‌ಟಾಪ್ ಇವೆ.

ಸದ್ಯದ ಸ್ಥಿತಿ ಹೀಗಿದೆ. ಸಮೀಕ್ಷೆಗೆ ಕೋಬೋ ಟೂಲ್‌ಬಾಕ್ಸ್ (ಫೋನಿನಲ್ಲೇ ಫಾರ್ಮ್ ತುಂಬುವ ತಂತ್ರಾಂಶ) ಬಳಸುತ್ತೇವೆ, ಆದರೆ ಖಾತೆ ಎಂ ಅಂಡ್ ಇ (ಮೇಲ್ವಿಚಾರಣೆ, ಮೌಲ್ಯಮಾಪನ) ಅಧಿಕಾರಿಯ ಸ್ವಂತ ಜಿಮೇಲ್‌ನಲ್ಲಿದೆ. ಅವರು ಮುಂದಿನ ತಿಂಗಳ ಕೊನೆಗೆ ಕೆಲಸ ಬಿಡುತ್ತಿದ್ದಾರೆ. ವೆಬ್‌ಸೈಟಿನ ಡೊಮೈನ್ (ವಿಳಾಸ) ಯಾವತ್ತೋ ಒಬ್ಬ ಸ್ವಯಂಸೇವಕರು ತಮ್ಮ ಹೆಸರಿನಲ್ಲಿ ಕೊಂಡದ್ದು. ಮಕ್ಕಳ ತೂಕದ ಮಾಹಿತಿ ತಾಲ್ಲೂಕಿಗೊಂದು ಎಕ್ಸೆಲ್‌ನಲ್ಲಿದೆ. ಹಳೆಯ ವರದಿಗಳು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಆಗಿವೆ.

ಟ್ರಸ್ಟಿಗಳು "ಒಬ್ಬ ಐಟಿ ಮ್ಯಾನೇಜರ್ ತಗೊಳ್ಳೋಣ" ಅಂತಾರೆ. ನಿರ್ದೇಶಕರು ಒಂದು ಕಂಪನಿಯಿಂದ 8 ಲಕ್ಷದ ಆ್ಯಪ್‌ಗೆ ಕೊಟೇಶನ್ ತರಿಸಿದ್ದಾರೆ. ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ದಾನಿ ಡ್ಯಾಶ್‌ಬೋರ್ಡ್ (ಯೋಜನೆಯ ಅಂಕಿಅಂಶ ಒಂದೇ ಕಡೆ ತೋರಿಸುವ ಪರದೆ) ಕೇಳುತ್ತಿದ್ದಾರೆ, ಆದರೆ ಅದಕ್ಕೆ ಹಣ ಕೇಳಿದರೆ "ಅದು ಆಡಳಿತ ವೆಚ್ಚ, 5%ಗಿಂತ ಹೆಚ್ಚು ಕೊಡೋಕಾಗಲ್ಲ" ಅನ್ನುತ್ತಾರೆ. ಇದನ್ನೆಲ್ಲ ಸರಿದಾರಿಗೆ ತರುವ ಜವಾಬ್ದಾರಿ ನನಗೆ ಬಂದಿದೆ. ನಾನು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ) ಓದಿದವಳು, ಕಂಪ್ಯೂಟರ್ ಹಿನ್ನೆಲೆ ಇಲ್ಲ. ಯಾವುದರಿಂದ ಶುರು ಮಾಡಲಿ? ಯಾರನ್ನು ತಯಾರು ಮಾಡಲಿ? ಹಣ ಎಲ್ಲಿಂದ?

---

ಸರ್ವರ್_ಕೊಠಡಿ

ಮೇಡಂ, ಆ್ಯಪ್ ಮತ್ತು ನೇಮಕಾತಿ ಎರಡನ್ನೂ ಸದ್ಯ ಬದಿಗಿಡಿ. ನಿಮ್ಮ ಎಂ ಅಂಡ್ ಇ ಅಧಿಕಾರಿ ಹೋಗುವುದರೊಳಗೆ ಖಾತೆಗಳು ಸಂಸ್ಥೆಯ ಕೈಗೆ ಬರಬೇಕು. ಅವರು ಹೋದ ಮೇಲೆ ಒಂದೊಂದು ಒಟಿಪಿಗೂ ಫೋನ್ ಮಾಡಿ ಕೇಳಬೇಕಾಗುತ್ತದೆ, ಕೊನೆಗೊಂದು ದಿನ ಆ ನಂಬರೇ ಬದಲಾಗಿರುತ್ತದೆ.

ಮೊದಲು ಒಂದು ಶೀಟ್ ಮಾಡಿ. ಕಾಲಂಗಳು ಇಷ್ಟು ಸಾಕು: ಸೇವೆಯ ಹೆಸರು, ಲಾಗಿನ್ ಇಮೇಲ್, ಒಟಿಪಿ ಬರುವ ಮೊಬೈಲ್, ಆ ಸಿಮ್ ಯಾರ ಹೆಸರಿನಲ್ಲಿದೆ, ಹಣ ಯಾರು ಕಟ್ಟುತ್ತಾರೆ, ನವೀಕರಣದ ದಿನಾಂಕ. ಪಾಸ್‌ವರ್ಡ್ ಮಾತ್ರ ಈ ಶೀಟ್‌ನಲ್ಲಿ ಬೇಡ. ಅದಕ್ಕೆ ಬಿಟ್‌ವಾರ್ಡನ್‌ನಂಥ ಪಾಸ್‌ವರ್ಡ್ ಮ್ಯಾನೇಜರ್ ಇರಲಿ. ಡೊಮೈನ್, ಕೋಬೋ, ಫೇಸ್‌ಬುಕ್ ಪುಟ ಇವೆಲ್ಲ ಎಲ್ಲರಿಗೂ ನೆನಪಾಗುತ್ತವೆ. ಎನ್‌ಜಿಒ ದರ್ಪಣ್ (ಸಂಸ್ಥೆಗಳ ಸರ್ಕಾರಿ ನೋಂದಣಿ ಪೋರ್ಟಲ್), ಆದಾಯ ತೆರಿಗೆ ಪೋರ್ಟಲ್, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಪೋರ್ಟಲ್, ಬ್ಯಾಂಕ್ ನೆಟ್‌ಬ್ಯಾಂಕಿಂಗ್ ಮರೆತುಹೋಗುತ್ತವೆ. ಹಿಂದಿನ ಅಕೌಂಟೆಂಟ್ ಮೊಬೈಲಿಗೆ ಒಟಿಪಿ ಹೋಗುತ್ತಿರುವುದು ಗೊತ್ತಾಗುವುದು ರಿಟರ್ನ್ ಸಲ್ಲಿಸುವ ಕೊನೆಯ ದಿನ. ಟ್ರಸ್ಟಿನ ಹೆಸರಿನಲ್ಲೇ ಒಂದು ಪೋಸ್ಟ್‌ಪೇಯ್ಡ್ ಸಿಮ್ ತೆಗೆದು, ಆಫೀಸಿನ ಫೋನಿಗೆ ಹಾಕಿ, ಕಾನೂನು ಪ್ರಕಾರ ವ್ಯಕ್ತಿಯದೇ ನಂಬರ್ ಬೇಕಿಲ್ಲದ ಕಡೆಯೆಲ್ಲ ಅದನ್ನೇ ಕೊಡಿ.

ಇಮೇಲ್: ಸ್ವಂತ ಜಿಮೇಲ್ ಬಿಟ್ಟು ಗೂಗಲ್ ವರ್ಕ್‌ಸ್ಪೇಸ್ ಫಾರ್ ನಾನ್‌ಪ್ರಾಫಿಟ್ಸ್‌ಗೆ ಬನ್ನಿ. ನೋಂದಾಯಿತ ಸಂಸ್ಥೆಗೆ ಉಚಿತ. ದಾಖಲೆ ಪರಿಶೀಲನೆಗೆ ಸಮಯ ಹಿಡಿಯುತ್ತದೆ, ಇವತ್ತೇ ಅರ್ಜಿ ಹಾಕಿ. ಮೈಕ್ರೋಸಾಫ್ಟ್ ಕಡೆ ಹೋಗುವುದಾದರೆ ಒಂದು ವಿಷಯ ತಿಳಿದಿರಲಿ: ಮೊದಲು ಉಚಿತವಾಗಿ ಸಿಗುತ್ತಿದ್ದ 10 ಬಿಸಿನೆಸ್ ಪ್ರೀಮಿಯಂ ಲೈಸೆನ್ಸ್‌ಗಳನ್ನು 2025ರ ಜುಲೈಯಿಂದ ನಿಲ್ಲಿಸಿದ್ದಾರೆ, ಬಿಸಿನೆಸ್ ಬೇಸಿಕ್ ಮಾತ್ರ 300ರವರೆಗೆ ಉಚಿತ. ಹಳೆಯ ಲೇಖನ ಓದಿ ಬಜೆಟ್ ಮಾಡಬೇಡಿ.

ವರ್ಕ್‌ಸ್ಪೇಸ್‌ನಲ್ಲಿ ಸೂಪರ್ ಅಡ್ಮಿನ್ (ಎಲ್ಲ ಖಾತೆಗಳ ಮೇಲೂ ಪೂರ್ಣ ಅಧಿಕಾರ ಇರುವವರು) ಇಬ್ಬರಿರಲಿ, ಒಬ್ಬರೇ ಬೇಡ. ಆ ಅಡ್ಮಿನ್ ಖಾತೆಗಳು ದಿನನಿತ್ಯದ ಮೇಲ್ ನೋಡುವ ಖಾತೆಗಳಾಗಿರಬಾರದು. ಎರಡು ಹಂತದ ಪರಿಶೀಲನೆ ಕಡ್ಡಾಯ ಮಾಡಿ, ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದು ಲಕೋಟೆಯಲ್ಲಿ ಸೀಲ್ ಮಾಡಿ ನಗದು ಪೆಟ್ಟಿಗೆ ಇರುವ ಲಾಕರ್‌ನಲ್ಲಿಡಿ.

ಕೋಬೋ: ಸಂಸ್ಥೆಯ ಮೇಲ್‌ನಲ್ಲಿ ಹೊಸ ಖಾತೆ ತೆರೆಯಿರಿ. ಹಳೆಯ ಖಾತೆಯ ಪ್ರತಿ ಪ್ರಾಜೆಕ್ಟಿನ ಸೆಟ್ಟಿಂಗ್ಸ್‌ನಲ್ಲಿ ಮಾಲೀಕತ್ವ ವರ್ಗಾಯಿಸುವ ಆಯ್ಕೆ ಇದೆ. ಅದಕ್ಕೂ ಮುಂಚೆ 42 ಫೋನ್‌ಗಳಲ್ಲೂ ಉಳಿದುಹೋದ ಫಾರ್ಮ್‌ಗಳನ್ನು ಕಳಿಸಿ ಮುಗಿಸಿ. ಎಲ್ಲ ಡೇಟಾವನ್ನು ಒಮ್ಮೆ ಡೌನ್‌ಲೋಡ್ ಮಾಡಿ, ಫೋಟೊಗಳನ್ನೂ ಸೇರಿಸಿ. ಜೊತೆಗೆ ಎಕ್ಸ್‌ಎಲ್‌ಎಸ್ ಫಾರ್ಮ್ (ಪ್ರಶ್ನೆಗಳನ್ನು ಎಕ್ಸೆಲ್‌ನಲ್ಲಿ ಬರೆದಿಟ್ಟ) ಮೂಲ ಫೈಲ್‌ಗಳು ಇರಲೇಬೇಕು. ವರ್ಗಾವಣೆಯಾದ ಮೇಲೆ ಒಂದು ಫೋನಿನಲ್ಲಿ ಹೊಸದಾಗಿ ಫಾರ್ಮ್ ಇಳಿಸಿ, ತುಂಬಿ, ಕಳಿಸಿ, ಸರ್ವರ್‌ನಲ್ಲಿ ಕಾಣುತ್ತದಾ ನೋಡಿ. ಆಮೇಲೆ ಉಳಿದ 41 ಫೋನ್ ಮುಟ್ಟಿ.

ಡೊಮೈನ್: ಸ್ವಯಂಸೇವಕರು ಸಂಪರ್ಕದಲ್ಲಿದ್ದರೆ ಪುಣ್ಯ. ಸಂಸ್ಥೆಯ ಮೇಲ್‌ನಲ್ಲಿ ಅದೇ ರಿಜಿಸ್ಟ್ರಾರ್ (ಡೊಮೈನ್ ಮಾರುವ ಕಂಪನಿ) ಬಳಿ ಖಾತೆ ತೆರೆದು, ಆ ಖಾತೆಗೆ ಡೊಮೈನ್ ದಾಟಿಸಲು ಕೇಳಿ. ಮಾಲೀಕರ ಹೆಸರು ಬದಲಾಯಿಸಿದರೆ ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಲು ಸಾಮಾನ್ಯವಾಗಿ 60 ದಿನ ತಡೆ ಬೀಳುತ್ತದೆ, ಅದಕ್ಕೆ ಎರಡೂ ಒಟ್ಟಿಗೆ ಮಾಡಲು ಹೋಗಬೇಡಿ. ಇನ್ನೊಂದು ಮಾತು. ವಿದೇಶಿ ರಿಜಿಸ್ಟ್ರಾರ್‌ಗಳಲ್ಲಿ ನಮ್ಮ ಕಾರ್ಡಿನ ಆಟೊ ರಿನ್ಯೂವಲ್ ಬಹಳ ಸಲ ನಡೆಯುವುದಿಲ್ಲ. ಮರುಕಳಿಸುವ ಪಾವತಿಗೆ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ (ಕಾರ್ಡುದಾರರ ಮುಂಗಡ ಅನುಮತಿ) ನಿಯಮ ಇದೆ, ಅದನ್ನು ಪಾಲಿಸದ ಕಡೆ ಬ್ಯಾಂಕೇ ಪಾವತಿ ತಡೆಯುತ್ತದೆ. "ಆಟೊ ರಿನ್ಯೂವಲ್ ಆನ್ ಇದೆ" ಅಂತ ನೆಮ್ಮದಿಯಾಗಿರಬೇಡಿ, 5 ವರ್ಷಕ್ಕೆ ಒಂದೇ ಸಲ ಕಟ್ಟಿಬಿಡಿ.

18 ಲ್ಯಾಪ್‌ಟಾಪ್‌ಗಳ ವಿಷಯ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ 8ನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್ ಇದ್ದರೆ ವಿಂಡೋಸ್ 11 ಅಧಿಕೃತವಾಗಿ ಹಾಕಿಸಲಾಗದು. ದಾನಕ್ಕೆ ಬಂದ ಯಂತ್ರಗಳು ಹೆಚ್ಚಾಗಿ ಇಂಥವೇ. ಬರೀ ಬ್ರೌಸರ್ ಬಳಸುವವರಿಗೆ ಅವುಗಳಲ್ಲಿ ಲಿನಕ್ಸ್ ಹಾಕಿಕೊಡಬಹುದು. ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ ಇರುವ ಯಂತ್ರವನ್ನು ಮಾತ್ರ ಮೊದಲು ಬದಲಿಸಿ.

---

ಬಯಲುಸೀಮೆ

ಮೇಲಿನದೆಲ್ಲ ಸರಿ. ನಾನು ಟ್ರಸ್ಟಿಗಳ ಪ್ರಶ್ನೆಗೆ ಬರುತ್ತೇನೆ, ನಿಮ್ಮಂಥ ಸಂಸ್ಥೆಗಳು ಮುಗ್ಗರಿಸುವುದು ಅಲ್ಲೇ.

"ಐಟಿ" ಅನ್ನುವ ಒಂದು ಹೆಸರಿನಡಿ ಮೂರು ಬೇರೆ ಕೆಲಸಗಳಿವೆ. ಕೆಟ್ಟದ್ದನ್ನು ರಿಪೇರಿ ಮಾಡುವುದು (ಪ್ರಿಂಟರ್, ವೈಫೈ, ಲ್ಯಾಪ್‌ಟಾಪ್). ಹೊಸದನ್ನು ಕಟ್ಟುವುದು (ಫಾರ್ಮ್, ವೆಬ್‌ಸೈಟ್, ಆ್ಯಪ್). ಯಾವುದು ಬೇಕು, ಯಾವುದು ಬೇಡ ಎಂದು ತೀರ್ಮಾನಿಸುವುದು. ಮೊದಲನೆಯದನ್ನು ಊರಿನ ಕಂಪ್ಯೂಟರ್ ಅಂಗಡಿಯವರಿಗೆ ಎಎಂಸಿ (ವಾರ್ಷಿಕ ನಿರ್ವಹಣಾ ಗುತ್ತಿಗೆ) ಕೊಟ್ಟು ಮಾಡಿಸಿ. ಎರಡನೆಯದನ್ನು ಗುತ್ತಿಗೆಗೆ ಕೊಡಬಹುದು. ಮೂರನೆಯದು ಮಾತ್ರ ಸಂಸ್ಥೆಯೊಳಗಿನವರೇ ಮಾಡಬೇಕಾದದ್ದು. ಟ್ರಸ್ಟಿಗಳು ನೇಮಿಸಲು ಹೊರಟ ಐಟಿ ಮ್ಯಾನೇಜರ್ ಬಂದ ಮೂರನೇ ತಿಂಗಳಿಗೆ ಪ್ರಿಂಟರ್ ರಿಪೇರಿಯವರಾಗಿರುತ್ತಾರೆ, ಏಕೆಂದರೆ ಅವರಿಗೆ ನಿಮ್ಮ ಕಾರ್ಯಕ್ರಮ ಗೊತ್ತಿರುವುದಿಲ್ಲ, ಯಾವ ತೀರ್ಮಾನದ ಅಧಿಕಾರವೂ ಇರುವುದಿಲ್ಲ.

ಹೀಗಾಗಿ ಆ ಜಾಗಕ್ಕೆ ಒಳಗಿನವರನ್ನೇ ತಯಾರು ಮಾಡಿ. ಕನಿಷ್ಠ ಮೂರು ವರ್ಷ ಫೀಲ್ಡ್‌ನಲ್ಲಿದ್ದವರು, ಎಕ್ಸೆಲ್‌ಗೆ ಹೆದರದವರು, ಅರ್ಥವಾಗದಿದ್ದರೆ "ಅರ್ಥವಾಗಲಿಲ್ಲ" ಎಂದು ಸಭೆಯಲ್ಲಿ ಹೇಳುವವರು. ಮೂರನೇ ಗುಣವೇ ಮುಖ್ಯ. ಮಾರಾಟಗಾರರ ಎದುರು ತಲೆ ಅಲ್ಲಾಡಿಸುತ್ತಾ ಕೂರುವವರಿಂದ ಈ ಕೆಲಸ ಆಗದು. ಎಂಎಸ್‌ಡಬ್ಲ್ಯೂ ಓದಿದ ನೀವೇ ಯಾಕಾಗಬಾರದು?

ಆಯ್ಕೆಯಾದವರಿಗೆ ಬಾಯಿಮಾತಿನ ಜವಾಬ್ದಾರಿ ಬೇಡ, ಲಿಖಿತ ಆದೇಶ ಬೇಕು. ಅದರಲ್ಲಿ ಇರಬೇಕಾದ್ದು: ವಾರಕ್ಕೆ ಎರಡೂವರೆ ದಿನ ಈ ಕೆಲಸಕ್ಕೆ ಮೀಸಲು, ಈಗಿರುವ ಕೆಲಸದಲ್ಲಿ ಯಾವುದನ್ನು ಯಾರಿಗೆ ವಹಿಸಲಾಗಿದೆ, ವರದಿ ನೇರ ನಿರ್ದೇಶಕರಿಗೆ, ಲೆಕ್ಕಪತ್ರ ವಿಭಾಗದ ಮೂಲಕ ಅಲ್ಲ, 25,000 ರೂಪಾಯಿವರೆಗಿನ ಖರೀದಿ ಅವರದೇ ತೀರ್ಮಾನ, 2 ಲಕ್ಷದವರೆಗೆ ನಿರ್ದೇಶಕರ ಜೊತೆ, ಅದಕ್ಕೂ ಮೇಲಿದ್ದರೆ ಮೂರು ಕೊಟೇಶನ್ ಇಟ್ಟು ಟ್ರಸ್ಟಿಗಳ ಮುಂದೆ. ಅಂಕಿ ನಿಮಗೆ ಸರಿಹೊಂದುವಂತೆ ಬದಲಿಸಿಕೊಳ್ಳಿ, ಆದರೆ ಅಂಕಿ ಇರಲೇಬೇಕು. ಇಲ್ಲದಿದ್ದರೆ 900 ರೂಪಾಯಿಯ ಪೆನ್‌ಡ್ರೈವ್‌ಗೂ ನಿರ್ದೇಶಕರ ಸಹಿಗೆ ಕಾಯುತ್ತಾ, 8 ಲಕ್ಷದ ಆ್ಯಪ್ ಒಂದು ಫೋನ್ ಕರೆಯಲ್ಲಿ ಇತ್ಯರ್ಥವಾಗುತ್ತದೆ.

ಕಲಿಕೆಯ ಕ್ರಮ ಹೀಗಿರಲಿ. ಮೊದಲ ಮೂರು ತಿಂಗಳು ಎಕ್ಸ್‌ಎಲ್‌ಎಸ್ ಫಾರ್ಮ್ ಬರೆಯುವುದು, ಪಿವೋಟ್ ಟೇಬಲ್ (ಎಕ್ಸೆಲ್‌ನಲ್ಲಿ ಮಾಹಿತಿಯ ಸಾರಾಂಶ ತೆಗೆಯುವ ವಿಧಾನ), ಡೇಟಾ ಶುದ್ಧಿ. ಮುಂದಿನ ಮೂರು ತಿಂಗಳು ಅಗತ್ಯಗಳ ಪಟ್ಟಿ ಬರೆಯುವುದು, ಕರಾರು ಓದುವುದು, ಗುತ್ತಿಗೆದಾರರ ಕೆಲಸ ಪರೀಕ್ಷಿಸುವುದು. ಕೋಡಿಂಗ್ ಕಲಿಯಬೇಕಿಲ್ಲ. ದೊಡ್ಡ ತೀರ್ಮಾನ ಬಂದಾಗ ಕೇಳಲು ಒಬ್ಬ ಅನುಭವಿ ಇದ್ದರೆ ಸಾಕು. ಪ್ರಾಜೆಕ್ಟ್ ಟೆಕ್4ಡೆವ್‌ನವರು ಸ್ವಯಂಸೇವಾ ಸಂಸ್ಥೆಗಳಿಗಾಗಿಯೇ 'ಫ್ರಾಕ್ಷನಲ್ ಸಿಟಿಒ' (ಅರೆಕಾಲಿಕ ಮುಖ್ಯ ತಂತ್ರಜ್ಞಾನ ಅಧಿಕಾರಿ) ವ್ಯವಸ್ಥೆ ನಡೆಸುತ್ತಾರೆ, ಅಂದರೆ ಪೂರ್ಣ ಸಂಬಳಕ್ಕಲ್ಲದೆ ಬೇಕಾದಷ್ಟೇ ಸಮಯಕ್ಕೆ ಒಬ್ಬ ಹಿರಿಯ ತಂತ್ರಜ್ಞರು. ಕೇಳಿ ನೋಡಿ.

ನಿರ್ದೇಶಕರೂ ಕಲಿಯಬೇಕು, ಇದನ್ನು ಬಿಡಬೇಡಿ. ತಿಂಗಳಿಗೊಮ್ಮೆ 90 ನಿಮಿಷದ ಸಭೆ: ನಿರ್ದೇಶಕರು, ಈ ಹೊಣೆ ಹೊತ್ತವರು, ಅಕೌಂಟೆಂಟ್, ಒಬ್ಬ ಫೀಲ್ಡ್ ಸಂಯೋಜಕರು. ಕಳೆದ ತಿಂಗಳ ಯಾವ ಮಾಹಿತಿ ನೋಡಿ ಯಾವ ತೀರ್ಮಾನ ತಗೊಂಡೆವು ಎಂಬುದು ಮೊದಲ ಪ್ರಶ್ನೆಯಾಗಿರಲಿ. ಮೂರು ತಿಂಗಳು ಸತತ "ಯಾವುದೂ ಇಲ್ಲ" ಅಂತ ಉತ್ತರ ಬಂದರೆ ಆ ಮಾಹಿತಿ ಸಂಗ್ರಹವನ್ನೇ ನಿಲ್ಲಿಸಿ. ನಿರ್ದೇಶಕರು ತಮ್ಮ ಬದಲು ಬೇರೆಯವರನ್ನು ಕಳಿಸಲು ಶುರು ಮಾಡಿದ ದಿನ ಈ ವ್ಯವಸ್ಥೆ ಕುಸಿಯುತ್ತದೆ.

ಜೊತೆಗೊಬ್ಬ ಎರಡನೆಯವರನ್ನೂ ತಯಾರು ಮಾಡಿ. ಚೆನ್ನಾಗಿ ಕಲಿತವರಿಗೆ ಬೆಂಗಳೂರಿನಿಂದ ಕರೆ ಬರುತ್ತದೆ, ಹೋಗುತ್ತಾರೆ, ಅದು ಸಹಜ.

---

ಫಾರ್ಮ್_ಸಮೀಕ್ಷೆ

8 ಲಕ್ಷದ ಆ್ಯಪ್ ಬಗ್ಗೆ. ಕೊಟೇಶನ್‌ಗೆ ಸಹಿ ಹಾಕುವ ಮುಂಚೆ ನಿಮ್ಮ ಈಗಿನ ತೂಕದ ಫಾರ್ಮ್ ಒಂದನ್ನು ಮೇಜಿನ ಮೇಲೆ ಹರಡಿಕೊಂಡು ಪ್ರತಿ ಪ್ರಶ್ನೆಯ ಎದುರೂ "ಇದನ್ನು ಯಾರು, ಯಾವಾಗ ಓದುತ್ತಾರೆ" ಎಂದು ಬರೆಯಿರಿ. ಹೆಸರು ಬರೆಯಲಾಗದ ಪ್ರಶ್ನೆ ತೆಗೆದುಹಾಕಿ. ಕಾಗದದಲ್ಲೇ ಗೊಂದಲವಿರುವ ಫಾರ್ಮ್ ಆ್ಯಪ್ ಆದರೆ ಗೊಂದಲ ದುಬಾರಿಯಾಗುತ್ತದೆ, ಅಷ್ಟೇ. ಅಂಗನವಾಡಿ ಕಾರ್ಯಕರ್ತೆಯರು ಮಕ್ಕಳ ತೂಕ, ಎತ್ತರವನ್ನು ಆಗಲೇ ಸರ್ಕಾರದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ತುಂಬುತ್ತಿದ್ದಾರೆ. ಅವರಿಂದಲೇ ಅದನ್ನು ಇನ್ನೊಂದು ಸಲ ತುಂಬಿಸುವ ಆ್ಯಪ್ ಆರು ತಿಂಗಳೂ ಬಾಳುವುದಿಲ್ಲ.

ಉಪಕರಣದ ಆಯ್ಕೆ: ಒಂದು ಸಲದ ಸಮೀಕ್ಷೆಗೆ ಕೋಬೋ, ಅದರಂಥದ್ದೇ ಆದ ಒಡಿಕೆ ಚೆನ್ನ. ಆದರೆ ಒಂದೇ ಮಗುವನ್ನು ತಿಂಗಳು ತಿಂಗಳು ಹಿಂಬಾಲಿಸಬೇಕಿದ್ದರೆ ಕೋಬೋದಲ್ಲಿ ಹೆಣಗಾಟ: ಹೆಸರಿನ ಒಂದಕ್ಷರ ಬೇರೆಯಾದರೂ ಹೊಸ ಮಗು ಹುಟ್ಟಿಕೊಳ್ಳುತ್ತದೆ. ಅದಕ್ಕೆ ಫಲಾನುಭವಿ ನೋಂದಣಿ ಇರುವ ವ್ಯವಸ್ಥೆ ಬೇಕು. ಬೆಂಗಳೂರಿನ ಸಮನ್ವಯ ಫೌಂಡೇಶನ್‌ನ 'ಅವ್ನಿ' ಮುಕ್ತ ತಂತ್ರಾಂಶ, ಸಿಗ್ನಲ್ ಇಲ್ಲದ ಕಡೆಯೂ ನಡೆಯುತ್ತದೆ. ಕಾಮ್‌ಕೇರ್ ಕೂಡ ಇದೇ ಕೆಲಸ ಮಾಡುತ್ತದೆ, ಅದಕ್ಕೆ ಶುಲ್ಕವಿದೆ. ಇವು ಸಾಕಾಗುವುದಿಲ್ಲ ಎಂದು ಲಿಖಿತವಾಗಿ ತೋರಿಸಿದ ಮೇಲಷ್ಟೇ ಹೊಸ ಆ್ಯಪ್ ಮಾತು.

ಯಾವುದೇ ಉಪಕರಣವಾಗಲಿ, ಡೇಟಾ ಕೆಡುವುದು ಈ ಮೂರು ಕಡೆ.

ಊರಿನ ಹೆಸರು. 'ಹಿರೇಸಿಂದೋಗಿ', 'ಹಿರೇ ಸಿಂದೋಗಿ', 'ಹಿ. ಸಿಂದೋಗಿ' ಇವು ಎಕ್ಸೆಲ್‌ಗೆ ಮೂರು ಊರು. ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನ್‌ಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಗ್ರಾಮಕ್ಕೂ ಒಂದು ಕೋಡ್ ಇದೆ. ನಿಮ್ಮ ಎರಡು ಜಿಲ್ಲೆಗಳ ಪಟ್ಟಿ ಇಳಿಸಿಕೊಂಡು, ಫಾರ್ಮ್‌ನಲ್ಲಿ ಊರನ್ನು ಟೈಪ್ ಮಾಡಿಸದೆ ಪಟ್ಟಿಯಿಂದ ಆರಿಸುವಂತೆ ಮಾಡಿ. ಪಟ್ಟಿಯಲ್ಲಿಲ್ಲದ ತಾಂಡಾ, ಕ್ಯಾಂಪ್‌ಗಳಿಗೆ ಮೂಲ ಗ್ರಾಮದ ಕೋಡಿನ ಮುಂದೆ ನಿಮ್ಮದೇ ಎರಡಂಕಿ ಸೇರಿಸಿ.

ಹುಟ್ಟಿದ ದಿನಾಂಕ. ಒಂದು ಲ್ಯಾಪ್‌ಟಾಪ್ ಅಮೆರಿಕದ ದಿನಾಂಕ ಕ್ರಮದಲ್ಲಿದ್ದರೆ 01-12-2023 ಡಿಸೆಂಬರ್ 1ರ ಬದಲು ಜನವರಿ 12 ಆಗುತ್ತದೆ. ಮಗುವಿನ ವಯಸ್ಸು ಹತ್ತಿರ ಹತ್ತಿರ 11 ತಿಂಗಳು ಹೆಚ್ಚಾಗಿ, ಸರಿಯಾದ ತೂಕದ ಮಗು ತೀವ್ರ ಅಪೌಷ್ಟಿಕತೆಯ ಪಟ್ಟಿಗೆ ಬೀಳುತ್ತದೆ. ತಾರೀಖು 12 ದಾಟಿದ್ದರೆ ಎಕ್ಸೆಲ್ ಅದನ್ನು ದಿನಾಂಕವೆಂದೇ ತೆಗೆದುಕೊಳ್ಳುವುದಿಲ್ಲ, ಅಕ್ಷರದಂತೆ ಎಡಕ್ಕೆ ಅಂಟಿಕೊಂಡಿರುತ್ತದೆ. ಒಂದೇ ಕಾಲಂನಲ್ಲಿ ಕೆಲವು ದಿನಾಂಕ ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಆ ಫೈಲ್ ಪೂರ್ತಿ ಅನುಮಾನಾಸ್ಪದ. ಎಲ್ಲ ಯಂತ್ರಗಳ ರೀಜನ್ ಸೆಟ್ಟಿಂಗ್ ಭಾರತಕ್ಕೆ ಬದಲಿಸಿ.

ಕನ್ನಡ ಅಕ್ಷರ. ಹಳೆಯ ನುಡಿ ಫಾಂಟಿನ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಯಾವ ಡೇಟಾಬೇಸ್‌ಗೂ ಹಾಕಬೇಡಿ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಿಂದಲೇ ನೋಡಿ, ತಪ್ಪು ಹೆಚ್ಚಾಗುವುದು ಅಲ್ಲಿ. ಕೋಬೋದಿಂದ ಬಂದ ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಕನ್ನಡ ಚಿತ್ರವಿಚಿತ್ರ ಚಿಹ್ನೆಗಳಾಗಿ ಕಾಣಬಹುದು. ಎಕ್ಸೆಲ್‌ನ ಡೇಟಾ ಟ್ಯಾಬ್‌ನಿಂದ 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ' ಆರಿಸಿ, 65001 ಯುಟಿಎಫ್-8 ಕೊಟ್ಟು ತೆರೆಯಿರಿ. ಕೆಟ್ಟದಾಗಿ ಕಂಡ ಫೈಲನ್ನು ಯಾರಾದರೂ ಸೇವ್ ಮಾಡಿದರೆ ಮೂಲ ಮತ್ತೆ ಸಿಗುವುದು ಕಷ್ಟ.

ಆ್ಯಪ್ ಮಾಡಿಸುವುದೇ ಆದರೆ ಕರಾರಿನಲ್ಲಿ ಇವಿಷ್ಟು: ಮೂಲ ಕೋಡ್ ಸಂಸ್ಥೆಯದು, ಅದು ಸಂಸ್ಥೆಯ ಖಾತೆಯಲ್ಲೇ ಇರಬೇಕು, ಸರ್ವರ್ ಬಿಲ್ ಸಂಸ್ಥೆಯ ಹೆಸರಿಗೆ, ಪೂರ್ತಿ ಡೇಟಾವನ್ನು ಯಾವಾಗ ಬೇಕಾದರೂ ಇಳಿಸಿಕೊಳ್ಳುವ ಬಟನ್, ಎರಡನೇ ವರ್ಷದಿಂದ ನಿರ್ವಹಣೆಗೆ ಎಷ್ಟು ಎಂಬುದು ಈಗಲೇ. ನಿರ್ವಹಣೆಗೆ ವರ್ಷಕ್ಕೆ ಶೇ 15ರಿಂದ 20 ಎಂದು ಹಿಡಿದರೂ 8 ಲಕ್ಷದ ಮೇಲೆ 1.2ರಿಂದ 1.6 ಲಕ್ಷ ಬೀಳುತ್ತದೆ, ಪ್ರತಿ ವರ್ಷ. ಹಣ ನಾಲ್ಕು ಕಂತು: ಸಹಿಗೆ 20%, ಮೊದಲ ಮಾದರಿಗೆ 30%, ಫೀಲ್ಡ್ ಪರೀಕ್ಷೆ ಪಾಸಾದರೆ 30%, ಮೂರು ತಿಂಗಳ ಬಳಕೆಯ ನಂತರ 20%. ಫೀಲ್ಡ್ ಪರೀಕ್ಷೆ ಆಫೀಸಿನ ವೈಫೈನಲ್ಲಿ ಅಲ್ಲ. ನಿಮ್ಮ ಕಾರ್ಯಕರ್ತೆಯರ ಬಳಿ ಇರುವ ಹಳೆಯ ಫೋನಿನಲ್ಲಿ, ಏರೋಪ್ಲೇನ್ ಮೋಡ್ ಹಾಕಿ, ಮಧ್ಯಾಹ್ನದ ಬಿಸಿಲಿನಲ್ಲಿ 20 ಮಕ್ಕಳ ತೂಕ ತುಂಬಿಸಿ, ಫೋನ್ ಆಫ್ ಮಾಡಿ ಆನ್ ಮಾಡಿ, ಆಮೇಲೆ ನೆಟ್‌ವರ್ಕ್ ಕೊಡಿ. 20ಕ್ಕೆ 20 ಸರ್ವರ್ ಸೇರಬೇಕು.

---

ಜಮಾಖರ್ಚು

ಹಣದ ವಿಷಯಕ್ಕೆ ಬರುತ್ತೇನೆ. ನಿಮ್ಮ ದಾನಿ ಹೇಳುತ್ತಿರುವ 5% ಮಿತಿ ನಿಮ್ಮ ಸಂಸ್ಥೆಯ ಖರ್ಚಿನ ಮೇಲಲ್ಲ. ಸಿಎಸ್‌ಆರ್ ನಿಯಮಗಳಲ್ಲಿ, 2021ರ ತಿದ್ದುಪಡಿ ಪ್ರಕಾರ, 'ಆಡಳಿತ ವೆಚ್ಚ' ಎಂದರೆ ಕಂಪನಿಯು ತನ್ನ ಸಿಎಸ್‌ಆರ್ ವಿಭಾಗದ ಸಾಮಾನ್ಯ ಆಡಳಿತಕ್ಕೆ ಮಾಡುವ ಖರ್ಚು. ನಿರ್ದಿಷ್ಟ ಯೋಜನೆಯ ವಿನ್ಯಾಸ, ಅನುಷ್ಠಾನ, ಮೇಲ್ವಿಚಾರಣೆ, ಮೌಲ್ಯಮಾಪನಕ್ಕೆ ನೇರವಾಗಿ ತಗಲುವ ಖರ್ಚು ಅದರಲ್ಲಿ ಸೇರುವುದಿಲ್ಲ. ನಿಮ್ಮ ಡ್ಯಾಶ್‌ಬೋರ್ಡ್ ಮೇಲ್ವಿಚಾರಣೆ. ನಿಯಮ 2ರ ವ್ಯಾಖ್ಯಾನವನ್ನೇ ಇಮೇಲ್‌ನಲ್ಲಿ ಹಾಕಿ ಗೌರವದಿಂದ ಕೇಳಿ.

ವಿದೇಶಿ ದೇಣಿಗೆ ಬೇರೆ ಕಥೆ. ಎಫ್‌ಸಿಆರ್‌ಎಯ 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು 50%ರಿಂದ 20%ಕ್ಕೆ ಇಳಿಸಿತು, ಅದು ನಿಮಗೇ ಅನ್ವಯಿಸುತ್ತದೆ. ಆಫೀಸ್ ನಿರ್ವಹಣೆಯ ಖರ್ಚು ಅದರೊಳಗೆ ಬರುತ್ತದೆ. ಫೀಲ್ಡ್‌ನಲ್ಲಿ ಮಗುವಿನ ತೂಕ ತುಂಬುವ ಫೋನನ್ನು ಕಾರ್ಯಕ್ರಮದ ಖರ್ಚೆಂದು ತೋರಿಸಬಹುದೇ ಎಂಬುದನ್ನು ಆಡಿಟರ್‌ರಿಂದ ವರ್ಷಾರಂಭದಲ್ಲೇ ಬರಹದಲ್ಲಿ ಪಡೆಯಿರಿ, ಮಾರ್ಚ್‌ನಲ್ಲಿ ಅಲ್ಲ.

ಈಗ ಲೆಕ್ಕ. ದರಗಳು ಅಂದಾಜಿನವು, ನಿಮ್ಮವನ್ನು ಹಾಕಿಕೊಳ್ಳಿ. 18 ಲ್ಯಾಪ್‌ಟಾಪ್, ಆಯಸ್ಸು 5 ವರ್ಷ, ತಲಾ 45,000: ವರ್ಷಕ್ಕೆ 1.62 ಲಕ್ಷ. 42 ಫೋನ್, 3 ವರ್ಷ, ತಲಾ 10,000: 1.40 ಲಕ್ಷ. ಡೇಟಾ ಪ್ಯಾಕ್ ತಿಂಗಳಿಗೆ 250ರಂತೆ 42 ಜನಕ್ಕೆ: 1.26 ಲಕ್ಷ. ತಂತ್ರಜ್ಞಾನದ ಹೊಣೆ ಹೊತ್ತವರ ಅರ್ಧ ಸಂಬಳ, ತಿಂಗಳಿಗೆ 45,000 ಹಿಡಿದರೆ: 2.70 ಲಕ್ಷ. ತಂತ್ರಾಂಶ, ಸರ್ವರ್: 1 ಲಕ್ಷ. ತರಬೇತಿ: 60,000. ಒಟ್ಟು 8.58 ಲಕ್ಷ, 60 ಜನಕ್ಕೆ ಭಾಗಿಸಿದರೆ ತಲಾ 14,300. ಇನ್ನು ಮುಂದೆ ಪ್ರತಿ ಪ್ರಸ್ತಾವನೆಯಲ್ಲೂ ಆ ಯೋಜನೆಯ ಸಿಬ್ಬಂದಿ ಸಂಖ್ಯೆಯಿಂದ ಇದನ್ನು ಗುಣಿಸಿ ಹಾಕಿ. 20 ಜನರ ಯೋಜನೆಗೆ 2.86 ಲಕ್ಷ. ಸಾಲಿನ ಹೆಸರು 'ಐಟಿ' ಅಂತ ಇಡಬೇಡಿ, 'ಯೋಜನೆಯ ದತ್ತಾಂಶ ಸಂಗ್ರಹ ಮತ್ತು ಮೇಲ್ವಿಚಾರಣೆ' ಎಂದು ಬರೆದು, ಲೆಕ್ಕ ಹಂಚಿದ ಬಗೆಯನ್ನು ಅಡಿಯಲ್ಲಿ ತೋರಿಸಿ. ಒಂದೇ ಲ್ಯಾಪ್‌ಟಾಪನ್ನು ಇಬ್ಬರು ದಾನಿಗಳ ಲೆಕ್ಕಕ್ಕೆ ಹಾಕಿದ್ದು ಆಡಿಟ್‌ನಲ್ಲಿ ಸಿಕ್ಕರೆ ಹೆಸರು ಹೋಗುತ್ತದೆ, ಹಾಗಾಗಿ ಆಸ್ತಿ ರಿಜಿಸ್ಟರ್‌ನಲ್ಲಿ ಪ್ರತಿ ಯಂತ್ರದ ಸೀರಿಯಲ್ ನಂಬರ್ ಎದುರು ದಾನಿಯ ಹೆಸರಿರಲಿ.

ಮಕ್ಕಳ ಮಾಹಿತಿ ನಿಮ್ಮಲ್ಲಿರುವುದರಿಂದ ಇನ್ನೊಂದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಸೂಚನಾಪತ್ರ ಕನ್ನಡದಲ್ಲೂ ಸಿಗುವಂತಿರಬೇಕು. ಸುರಕ್ಷತಾ ಕ್ರಮ ತಗೊಳ್ಳದಿದ್ದರೆ ದಂಡ 250 ಕೋಟಿವರೆಗೆ ಇದೆ. ಕಾಗದದ ಫಾರ್ಮನ್ನು ಆಮೇಲೆ ಎಕ್ಸೆಲ್‌ಗೆ ತುಂಬಿದರೂ ಕಾಯ್ದೆ ಅನ್ವಯ. ಮೊದಲ ಹೆಜ್ಜೆ ಸುಲಭ: ಮಕ್ಕಳ ಪಟ್ಟಿ, ಫೋಟೊಗಳನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವುದನ್ನು ನಿಲ್ಲಿಸಿ, ಆಧಾರ್ ಜೆರಾಕ್ಸ್ ಸಂಗ್ರಹವನ್ನೂ ನಿಲ್ಲಿಸಿ.

---

ಕಾರ್ಯಕ್ರಮ_ಸಂಯೋಜಕಿ

ಎಲ್ಲರಿಗೂ ತುಂಬಾ ಧನ್ಯವಾದ. ವರ್ಕ್‌ಸ್ಪೇಸ್‌ಗೆ ಅರ್ಜಿ ಹಾಕಿದ್ದೇವೆ, ಖಾತೆಗಳ ಶೀಟ್ ಶುರುವಾಗಿದೆ. ಒಂದು ಪ್ರಶ್ನೆ ಉಳಿದಿದೆ. ನಮ್ಮ ಫೀಲ್ಡ್‌ನವರು ಈಗ ಸ್ವಂತ ಫೋನನ್ನೇ ಬಳಸುತ್ತಿದ್ದಾರೆ. ಸಂಸ್ಥೆಯ ಫೋನ್ ಕೊಡಲು ಈ ವರ್ಷ ಹಣವಿಲ್ಲ. ಏನು ಮಾಡಬಹುದು?

---

ಫಾರ್ಮ್_ಸಮೀಕ್ಷೆ

ಸ್ವಂತ ಫೋನೇ ಆದರೆ ತಿಂಗಳ ಭತ್ಯೆ ಕೊಡಿ, ಡೇಟಾ ಪ್ಯಾಕ್ ಜೊತೆ ಫೋನಿನ ಸವೆತಕ್ಕೂ ಸೇರಿಸಿ. ಪರದೆ ಒಡೆದರೆ ಯಾರು ಕಟ್ಟಬೇಕು ಎಂಬುದು ಮೊದಲೇ ಬರಹದಲ್ಲಿರಲಿ, ಬಹುಪಾಲು ಅಸಮಾಧಾನ ಅದರಿಂದಲೇ ಹುಟ್ಟುವುದು. ಸ್ಕ್ರೀನ್ ಲಾಕ್ ಕಡ್ಡಾಯ. ಮಗುವಿನ ಫೋಟೊ ಫಾರ್ಮ್‌ನೊಳಗಿಂದಲೇ ತೆಗೆಯಲಿ, ಗ್ಯಾಲರಿಯಿಂದ ಆರಿಸುವ ಅವಕಾಶ ಬೇಡ. ಕೋಬೋ ಕಲೆಕ್ಟ್‌ನ ಸೆಟ್ಟಿಂಗ್ಸ್‌ನಲ್ಲಿ 'ಕಳಿಸಿದ ನಂತರ ಅಳಿಸು' ಆಯ್ಕೆ ಇದೆ, ಅದನ್ನು ಆನ್ ಮಾಡಿ. ಆಟೊ ಸೆಂಡ್ ಕೂಡ ಆನ್ ಇರಲಿ, ಇಲ್ಲದಿದ್ದರೆ ತುಂಬಿದ ಫಾರ್ಮ್ ಫೋನಿನಲ್ಲೇ ಕೂತಿರುತ್ತದೆ. ಕೆಲಸ ಬಿಡುವ ದಿನ ಕಳಿಸದ ಫಾರ್ಮ್ ಸೊನ್ನೆ ಎಂದು ಸಂಯೋಜಕರು ಕಣ್ಣಾರೆ ನೋಡಿ, ಆಮೇಲೆ ಆ್ಯಪ್ ತೆಗೆಸಿ, ಕೊನೆಯ ಭತ್ಯೆ ಪಾವತಿಸಿ.

---

ಸರ್ವರ್_ಕೊಠಡಿ

ಅದಕ್ಕೇ ಒಂದು ಸೇರ್ಪಡೆ: 42 ಜನರಿಗೂ ಒಂದೇ ಕೋಬೋ ಲಾಗಿನ್ ಹಂಚಬೇಡಿ. ಒಬ್ಬರು ಬಿಟ್ಟಾಗ ಪಾಸ್‌ವರ್ಡ್ ಬದಲಿಸಿದರೆ 41 ಫೋನ್‌ಗಳೂ ಅದೇ ದಿನ ನಿಲ್ಲುತ್ತವೆ. ತಲಾ ಒಂದು ಖಾತೆ ಮಾಡಿ, 'ಫಾರ್ಮ್ ನೋಡು' ಮತ್ತು 'ಸಲ್ಲಿಸು' ಅನುಮತಿ ಮಾತ್ರ ಕೊಡಿ. ಬೇರೆಯವರು ತುಂಬಿದ್ದನ್ನು ನೋಡುವ ಅನುಮತಿ ತಾಲ್ಲೂಕು ಸಂಯೋಜಕರಿಗಷ್ಟೇ ಸಾಕು.